ಮಾವನ ತಟ್ಟೆಯ ಕೋಳಿ, ಬಿಲ್ಲಿನ ಹತ್ತು ಪರ್ಸೆಂಟ್

ಓದುಗರ ಪ್ರಶ್ನೆ:

ನಾನು ಶಿರಸಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಡಿಸೆಂಬರ್ ಕೊನೆಯ ವಾರ ಮಗಳ ಹುಟ್ಟುಹಬ್ಬಕ್ಕೆ ಅಂತ ಮನೆಯ ಆರೂ ಜನ ಗೋಕರ್ಣಕ್ಕೆ ಹೋಗಿದ್ದೆವು. ಮೆಕ್ಸಿಕನ್ ಊಟ ಮಾಡಬೇಕು ಅನ್ನುವುದು ಮಗಳ ಬಹಳ ದಿನದ ಆಸೆ. ಬೀಚ್ ಬದಿಯ ಒಂದು ರೆಸ್ಟೋರೆಂಟನ್ನು ಅವಳೇ ಮೊಬೈಲಿನಲ್ಲಿ ನೋಡಿ ಆರಿಸಿದಳು. ಹೋಗಿ ಕೂತು ಹದಿನೈದು ನಿಮಿಷವಾದರೂ ನೀರಿಲ್ಲ, ಮೆನು ಇಲ್ಲ. ನಮ್ಮ ಆಮೇಲೆ ಬಂದ ಇಬ್ಬರು ವಿದೇಶಿಯರ ಟೇಬಲ್ಲಿಗೆ ನಮಗಿಂತ ಮೊದಲು ಊಟ ಹೋಯಿತು. ಆರ್ಡರ್ ಕೊಟ್ಟು ಐವತ್ತು ನಿಮಿಷದ ಮೇಲೆ ನಮ್ಮ ನಾಚೋಸ್ ಬಂತು, ತಣ್ಣಗಾಗಿ ಚೀಸ್ ಗಟ್ಟಿಯಾಗಿತ್ತು. ಮಾವನವರಿಗೆ ಹೇಳಿದ್ದು ಬೀನ್ಸ್ ಬುರಿಟೊ, ಅಂದರೆ ರೊಟ್ಟಿಯಲ್ಲಿ ಬೀನ್ಸ್ ತುಂಬಿ ಸುತ್ತಿದ್ದು. ಎರಡನೇ ತುತ್ತಿಗೆ ಕೋಳಿ ತುಂಡು ಸಿಕ್ಕಿತು. ಅವರು ಮೊಟ್ಟೆ ಕೂಡ ಮುಟ್ಟದವರು. ಎದ್ದು ಹೋಗಿ ಬಾಯಿ ತೊಳೆದುಕೊಂಡು ಕಾರಲ್ಲಿ ಕೂತುಬಿಟ್ಟರು, ಮರುದಿನ ಉಪವಾಸ ಮಾಡಿದರು. ಬಡಿಸುವ ಹುಡುಗನನ್ನು ಕೇಳಿದರೆ 'ಕಿಚನ್‌ನಲ್ಲಿ ಏನೋ ಆಗಿದೆ' ಅಂದ. ಮ್ಯಾನೇಜರ್ ತಟ್ಟೆ ತೆಗೆಸಿದರು, ಬಿಲ್ಲಿನಿಂದ ಅದನ್ನು ತೆಗೆದರು. 'ಸಾರಿ' ಅನ್ನುವ ಮಾತು ಮಾತ್ರ ಬರಲಿಲ್ಲ. ತಡ ಯಾಕೆ ಅಂದರೆ 'ಇದು ಮೆಕ್ಸಿಕನ್ ಸ್ಟೈಲ್ ಮೇಡಂ, ನಿಧಾನ' ಅಂದರು. ಬಿಲ್ಲಿನಲ್ಲಿ ಊಟಕ್ಕೆ 2,840, ಅದಕ್ಕೆ ಸರ್ವಿಸ್ ಚಾರ್ಜ್ 10 ಪರ್ಸೆಂಟ್, ಮೇಲೆ ಜಿಎಸ್‌ಟಿ. ಸರ್ವಿಸ್ ಚಾರ್ಜ್ ಯಾಕೆ ಅಂದಿದ್ದಕ್ಕೆ 'ಗವರ್ನಮೆಂಟ್ ಟ್ಯಾಕ್ಸ್' ಅಂದರು. ಕೊಟ್ಟು ಬಂದೆವು.

ಒಂದು ಸ್ಟಾರ್ ಕೊಟ್ಟು ಬರೆಯೋಣ ಅನ್ನುತ್ತಾಳೆ ಮಗಳು. ಹೋಗಲಿ ಬಿಡು ಅನ್ನುತ್ತಾರೆ ನಮ್ಮನೆಯವರು. ಗ್ರಾಹಕರ ಕೋರ್ಟಿಗೆ ಹೋಗಬೇಕು ಅಂತ ನನಗೆ. ಯಾವುದು ಸರಿ? ಇನ್ನೊಂದು ಮಾತು, ಇದು ಕೇಳಲು ಸಂಕೋಚ. ಲುಂಗಿ ಉಟ್ಟ ಮಾವ, ಕನ್ನಡ ಮಾತಾಡುವ ನಾವು ಅಂತ ನಮ್ಮನ್ನು ಕಡೆಗಣಿಸಿದರಾ?

ಉತ್ತರ:

ಅಕ್ಕೋರೇ, ನಿಮ್ಮ ಪತ್ರ ಓದಿ ಮೊದಲು ಹೊಟ್ಟೆ ಉರಿಯಿತು, ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಇದರಲ್ಲಿ ಇರುವ ತಪ್ಪುಗಳಲ್ಲಿ ಅರ್ಧ ನಾನೇ ಒಂದು ಕಾಲಕ್ಕೆ ಮಾಡಿದವು. ಕಾರವಾರದಲ್ಲಿ ಮಾಣಿಯಾಗಿ ಕೆಲಸ ಶುರು ಮಾಡಿದವ ನಾನು. ಆಮೇಲೆ ಪಣಜಿಯಲ್ಲಿ ಕ್ಯಾಪ್ಟನ್ ಆದೆ, ಅಂದರೆ ಟೇಬಲ್ ನೋಡಿಕೊಳ್ಳುವ ಮೇಲ್ವಿಚಾರಕ. ಈಗ ಕರಾವಳಿಯ ಹೋಟೆಲುಗಳಿಗೆ ಹೊಸ ಹುಡುಗರನ್ನು ತಯಾರು ಮಾಡುತ್ತೇನೆ. ಹಾಗಾಗಿ ಅಡುಗೆಮನೆಯ ಒಳಗಿನಿಂದಲೇ ಹೇಳುತ್ತೇನೆ.

ನಿಮ್ಮ ಸಿಟ್ಟಿನಲ್ಲಿ ಮೂರು ಬೇರೆ ಬೇರೆ ಸಂಗತಿ ಒಂದೇ ಪಾತ್ರೆಗೆ ಬಿದ್ದಿವೆ. ತಡವಾಗಿ, ತಣ್ಣಗಾಗಿ ಬಂದ ಊಟ ಒಂದು. ಮಾವನವರ ತಟ್ಟೆಯ ಕೋಳಿ ಇನ್ನೊಂದು. ಬಿಲ್ಲಿನ ಸರ್ವಿಸ್ ಚಾರ್ಜ್ ಮೂರನೆಯದು. ಮೊದಲನೆಯದು ಕೆಟ್ಟ ಸರ್ವಿಸ್, ಅಷ್ಟೇ. ಉಳಿದ ಎರಡು ಹಾಗಲ್ಲ. ಮೂರನ್ನೂ ಸೇರಿಸಿ ಒಂದೇ ದೂರು ಕೊಟ್ಟರೆ ಅವರು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಜಾರಿಕೊಳ್ಳುತ್ತಾರೆ. 'ಮೇಡಂ, ಸೀಸನ್ ರಶ್ ಇತ್ತು' ಅಂದರೆ ಮುಗಿಯಿತು.

ಮೊದಲು ನಿಮ್ಮ ಸಂಕೋಚದ ಪ್ರಶ್ನೆ. ಅದೇ ನಿಮಗೆ ಜಾಸ್ತಿ ಚುಚ್ಚಿದ್ದು ಅನ್ನುವುದು ಪತ್ರದಲ್ಲೇ ಕಾಣುತ್ತದೆ.

ಅಡುಗೆಮನೆಗೆ ನಿಮ್ಮ ಮುಖ ಕಾಣುವುದಿಲ್ಲ. ಹುಡುಗ ಆರ್ಡರ್ ಬರೆದುಕೊಂಡ ಚೀಟಿ ಒಳಗೆ ಹೋಗುತ್ತದೆ. ನಾವು ಅದನ್ನು ಕೆಒಟಿ ಅನ್ನುತ್ತೇವೆ. ಅದರಲ್ಲಿ ಇರುವುದು ಟೇಬಲ್ ನಂಬರ್, ತಿಂಡಿ ಹೆಸರು, ಹೊತ್ತು. ಅಲ್ಲಿ ಲುಂಗಿಯೂ ಇಲ್ಲ, ಕನ್ನಡವೂ ಇಲ್ಲ. ಇಬ್ಬರ ಟೇಬಲ್ಲಿಗೆ ಬೇಗ ಹೋಗುವುದು ಮಾಮೂಲು. ಎರಡು ತಟ್ಟೆ, ಅದರಲ್ಲಿ ಒಂದು ಸಲಾಡ್ ಆಗಿದ್ದರೆ ಬೆಂಕಿಯೇ ಬೇಡ. ಆರು ಜನರ ಆರ್ಡರಿನಲ್ಲಿ ಒಂದು ತಿಂಡಿ ನಿಂತರೂ ಉಳಿದ ಐದು ಕೌಂಟರ್ ಮೇಲೆ ಕೂತು ಕಾಯುತ್ತವೆ. ನಿಮ್ಮ ನಾಚೋಸ್ ತಣ್ಣಗಾದದ್ದು ಹಾಗೆಯೇ ಅಂತ ಕಾಣುತ್ತದೆ. ಅದು ಮೊದಲೇ ರೆಡಿಯಾಗಿತ್ತು, ಉಳಿದದ್ದು ಆಗಿರಲಿಲ್ಲ, ಅದನ್ನು ಮೊದಲು ಹೊರಗೆ ಕಳಿಸಬೇಕು ಅಂತ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಆದರೆ ಮೊದಲ ಹದಿನೈದು ನಿಮಿಷದ ಮಾತು ಬೇರೆ. ನೀರು, ಮೆನು, ಒಂದು ನಮಸ್ಕಾರ, ಇವು ಅಡುಗೆಮನೆಯಿಂದ ಬರುವುದಿಲ್ಲ. ಕೊಡುವುದು ಹೊರಗಿನ ಹುಡುಗರು, ಅವರಿಗೆ ಮುಖ ಕಾಣುತ್ತದೆ. ಭೇದಭಾವ ಇದ್ದರೆ ಅದು ಅಲ್ಲಿ, ಆ ಹದಿನೈದು ನಿಮಿಷದಲ್ಲಿ ಇರುತ್ತದೆ. ಇಲ್ಲ ಅಂತ ನಾನು ಹೇಳುವುದಿಲ್ಲ. ಜಾಸ್ತಿ ಟಿಪ್ಸ್ ಕೊಡುತ್ತಾರೆ ಅಂತ ಕಂಡ ಟೇಬಲ್ಲಿಗೆ ಓಡುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಓಡಿದ್ದೇನೆ ಕೂಡ.

ಇದರ ಇನ್ನೊಂದು ಮಗ್ಗುಲೂ ನಿಮಗೆ ಗೊತ್ತಿರಲಿ. ಗೋಕರ್ಣದ ಬೀಚ್ ಬದಿಯ ಹೋಟೆಲುಗಳಲ್ಲಿ ಕೆಲಸಕ್ಕೆ ಇರುವವರಲ್ಲಿ ಎಷ್ಟೋ ಹುಡುಗರು ನೇಪಾಳದವರು, ಈಶಾನ್ಯ ರಾಜ್ಯದವರು. ಅಕ್ಟೋಬರಿಗೆ ಬರುತ್ತಾರೆ, ಮಳೆಗೆ ಮೊದಲು ಹೋಗುತ್ತಾರೆ. ಅವರಿಗೆ ಹಿಂದಿ ಬರುತ್ತದೆ, ಮೆನುವಿನಷ್ಟು ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ. ಮೂರು ತಲೆಮಾರಿನ ಕನ್ನಡ ಕುಟುಂಬ ಒಂದು ಟೇಬಲ್ಲಿನಲ್ಲಿ ಕೂತರೆ ಆ ಹುಡುಗನಿಗೆ ಹೆದರಿಕೆ. ಅಜ್ಜ ಏನು ಕೇಳುತ್ತಾರೋ, ತನಗೆ ಅರ್ಥವಾಗದಿದ್ದರೆ ಏನು ಗತಿ ಅಂತ. ಇನ್ನೊಬ್ಬ ಹೋಗಲಿ ಅಂತ ಇವನು, ಇವನು ಹೋಗಲಿ ಅಂತ ಅವನು. ನಿಮಗೆ ಅದು ತಾತ್ಸಾರದ ಹಾಗೆ ಕಾಣುತ್ತದೆ. ಕಾಣುವುದು ತಪ್ಪೂ ಅಲ್ಲ. ಆದರೆ ತಪ್ಪು ಆ ಹುಡುಗನದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಹೋಟೆಲ್ ನಡೆಸಿ ಕನ್ನಡವೋ ಕೊಂಕಣಿಯೋ ಬರುವ ಒಬ್ಬನನ್ನೂ ಬಾಗಿಲಲ್ಲಿ ನಿಲ್ಲಿಸದ ಮಾಲೀಕನದ್ದು.

ಇನ್ನು ಆ 'ಮೆಕ್ಸಿಕನ್ ಸ್ಟೈಲ್, ನಿಧಾನ' ಅನ್ನುವ ಮಾತು. ಮ್ಯಾನೇಜರ್ ಎಲ್ಲೋ ಅರ್ಧ ಕೇಳಿದ್ದನ್ನು ನಿಮಗೆ ಪೂರ್ತಿ ಮಾರಿದ್ದಾರೆ. ಮೆಕ್ಸಿಕೊದಲ್ಲಿ ನಿಧಾನ ಇರುವುದು ಊಟದ ನಂತರ. ಊಟ ಮುಗಿದ ಮೇಲೂ ಟೇಬಲ್ ಬಿಡದೆ ಹರಟುತ್ತಾ ಕೂರುವುದಕ್ಕೆ ಅಲ್ಲಿ ಸೊಬ್ರೆಮೆಸಾ ಅಂತ ಹೆಸರೇ ಇದೆ. ಕೇಳದೆ ಬಿಲ್ ತಂದಿಟ್ಟರೆ ಅಲ್ಲಿಯವರಿಗೆ 'ಎದ್ದು ಹೋಗಿ' ಅಂದ ಹಾಗೆ. ನಮ್ಮ ಹೋಟೆಲುಗಳಲ್ಲಿ ಕಾಫಿ ಲೋಟ ಕೆಳಗಿಡುವ ಮೊದಲೇ ಬಿಲ್ ಬರುತ್ತದೆ, ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ, ಅದು ನಮ್ಮ ಪದ್ಧತಿ. ಬಿಲ್ ತಡವಾದರೆ ಮೆಕ್ಸಿಕನ್ ಸ್ಟೈಲ್ ಅನ್ನಬಹುದು, ಒಪ್ಪೋಣ. ಹಸಿದು ಕೂತವರಿಗೆ ನೀರು ಕೊಡದೆ ಇರುವುದು ಯಾವ ದೇಶದ ಸ್ಟೈಲೂ ಅಲ್ಲ.

ನಾಚೋಸ್‌ನ ಹುಟ್ಟೇ ಇದಕ್ಕೆ ತಿರುಗುಬಾಣ. 1940ರ ದಶಕದ ಶುರುವಿನ ಮಾತು. ಅಮೆರಿಕದ ಗಡಿಯ ಪಿಯೆದ್ರಾಸ್ ನೆಗ್ರಾಸ್ ಅನ್ನುವ ಮೆಕ್ಸಿಕನ್ ಊರಿನ ಹೋಟೆಲಿಗೆ ಆಚೆಯ ಊರಿನಿಂದ ಹೆಂಗಸರ ಗುಂಪೊಂದು ಬಂತು. ಅಡುಗೆಯವನು ಕಾಣೆ. ಆಗ ಟೇಬಲ್ ನೋಡಿಕೊಳ್ಳುತ್ತಿದ್ದ ಇಗ್ನಾಸಿಯೊ ಅನಾಯಾ ಒಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಜೋಡಿಸಿದ. ಹುರಿದ ತೋರ್ತಿಯಾ (ಅಲ್ಲಿಯ ರೊಟ್ಟಿ) ತುಂಡು, ಮೇಲೆ ಚೀಸ್, ಅದರ ಮೇಲೆ ಹಲಪೇನ್ಯೊ ಮೆಣಸು, ಆಮೇಲೆ ಒಂದು ಸಲ ಬಿಸಿ. ಇಗ್ನಾಸಿಯೊ ಅನ್ನುವವರನ್ನು ಅಲ್ಲಿ ಮುದ್ದಿನಿಂದ ನಾಚೊ ಅನ್ನುತ್ತಾರೆ, ಹೆಸರು ಅದೇ ನಿಂತಿತು. ಅಂದರೆ ನಿಮಗೆ ತಣ್ಣಗಾಗಿ ಬಂದ ಆ ತಿಂಡಿ, ಬಂದವರನ್ನು ಕಾಯಿಸಬಾರದು ಅಂತ ಒಬ್ಬ ಕ್ಯಾಪ್ಟನ್ ಮಾಡಿದ್ದು! ನನ್ನ ಹುಡುಗರಿಗೆ ಮೊದಲ ದಿನ ನಾನು ಹೇಳುವ ಕತೆ ಇದೇ.

ಈ ಅಡುಗೆ ಕಾಯುವುದಿಲ್ಲ ಅನ್ನುವುದೂ ನಿಜ. ಮೆಕ್ಸಿಕೊದ ಅಸಲಿ ತೋರ್ತಿಯಾ ಗೋವಿನಜೋಳದ್ದು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ತೊಳೆದು, ರುಬ್ಬುತ್ತಾರೆ. ಕವಳ ಹಾಕುವ ನಮ್ಮ ಕಡೆಯವರಿಗೆ ಸುಣ್ಣ ಹೊಸದಲ್ಲ ಬಿಡಿ. ಸುಣ್ಣ ಬಿದ್ದರೇನೇ ಆ ಹಿಟ್ಟು ಹಿಡಿದು ನಿಲ್ಲುವುದು, ಇಲ್ಲದಿದ್ದರೆ ಲಟ್ಟಿಸುವಾಗಲೇ ಬಿರಿಯುತ್ತದೆ. ಬಿಸಿ ಇದ್ದಾಗ ಮೆತ್ತಗೆ, ಆರಿದರೆ ಚರ್ಮ. ಹುರಿದ ಚಿಪ್ಸಿನ ಮೇಲೆ ಸಾಲ್ಸಾ, ಅಂದರೆ ಅವರ ಟೊಮೆಟೊ ಚಟ್ನಿ, ಬಿದ್ದು ಹತ್ತು ನಿಮಿಷವಾದರೆ ಮೆತ್ತಗಾಗುತ್ತದೆ. ಚೀಸ್ ಆರಿದರೆ ರಬ್ಬರ್. ಅನ್ನ ಸಾರು ಅರ್ಧ ಗಂಟೆ ಮುಚ್ಚಿಟ್ಟರೂ ಊಟ ಮಾಡಬಹುದು, ಇದನ್ನು ಆಗುವುದಿಲ್ಲ. ಅದಕ್ಕೇ ಮೆಕ್ಸಿಕನ್ ಅಡುಗೆಯಲ್ಲಿ ಕೆಲಸವೆಲ್ಲ ಮೊದಲೇ ಮುಗಿದಿರುತ್ತದೆ. ಬೀನ್ಸ್ ಬೆಂದಿರಬೇಕು, ಸಾಲ್ಸಾ ಅರೆದಿರಬೇಕು, ಈರುಳ್ಳಿ ಹೆಚ್ಚಿರಬೇಕು. ಆರ್ಡರ್ ಬಂದ ಮೇಲೆ ಜೋಡಿಸುವುದಷ್ಟೇ. ಹಾಗೆ ತಯಾರಿ ಇದ್ದ ಅಡುಗೆಮನೆಯಲ್ಲಿ ಬುರಿಟೊಗೆ ಐದಾರು ನಿಮಿಷ ಸಾಕು.

ಹಾಗಾದರೆ ಐವತ್ತು ನಿಮಿಷ ಎಲ್ಲಿ ಹೋಯಿತು? ಆ ಹೋಟೆಲಿನ ಮೆನು ನೆನಪು ಮಾಡಿಕೊಳ್ಳಿ. ಮೆಕ್ಸಿಕನ್ ಅಂತ ಬೋರ್ಡ್ ಇದ್ದರೂ ಒಳಗೆ ಪಿಜ್ಜಾ, ಪಾಸ್ತಾ, ಹಮ್ಮಸ್, ಮೊಮೊ, ಗೋಬಿ ಮಂಚೂರಿ, ಬಟರ್ ನಾನ್ ಎಲ್ಲ ಇತ್ತು ಅಲ್ವಾ? ನೋಡದೆಯೇ ಹೇಳುತ್ತಿದ್ದೇನೆ, ಗೋಕರ್ಣದ ಕುಡ್ಲೆ ಬೀಚಿನಿಂದ ಓಂ ಬೀಚಿನವರೆಗೆ ಬಹಳ ಕಡೆ ಮೆನು ಹಾಗೇ ಇರುತ್ತದೆ. ಹತ್ತು ದೇಶದ ಅಡುಗೆ, ಇಬ್ಬರೋ ಮೂವರೋ ಅಡುಗೆಯವರು, ನಾಲ್ಕು ಒಲೆ. ಮೆಕ್ಸಿಕನ್‌ಗೆ ಬೇಕಾದ ಮುಂಚಿನ ತಯಾರಿ ಮಾಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆರ್ಡರ್ ಬಂದ ಮೇಲೆ ಈರುಳ್ಳಿ ಹೆಚ್ಚಲು ಶುರು. ಬೆಣ್ಣೆಹಣ್ಣು ಹಣ್ಣಾಗಿಲ್ಲ ಅಂತ ಆಗ ಗೊತ್ತಾಗುತ್ತದೆ. ಅದರ ಮೇಲೆ ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ. ಆ ವಾರ ಗೋಕರ್ಣದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಇದು ಅವರ ಪರ ವಕಾಲತ್ತು ಅಲ್ಲ. ರಶ್ ಬರುತ್ತದೆ ಅಂತ ಪ್ರತಿ ವರ್ಷ ಗೊತ್ತು. 'ಮುಕ್ಕಾಲು ಗಂಟೆ ಆಗುತ್ತದೆ, ಕೂರುತ್ತೀರಾ?' ಅಂತ ಮೊದಲೇ ಕೇಳಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ.

ಈಗ ಕೋಳಿಯ ಮಾತು.

ಯಾರೋ ಬೇಕೆಂದೇ ಹಾಕಿದರು ಅನ್ನುವ ಅನುಮಾನ ನಿಮಗೆ ಬಂದಿದ್ದರೆ ಬಿಟ್ಟುಬಿಡಿ. ಅದು ಆಗುವುದು ಹೀಗೆ. ಬುರಿಟೊ ಕಟ್ಟುವ ಕಡೆ ಒಂದು ಸಾಲಿನಲ್ಲಿ ಸ್ಟೀಲ್ ಡಬ್ಬಿಗಳಿರುತ್ತವೆ. ಅನ್ನ, ಬೀನ್ಸ್, ಕೋಳಿ, ಈರುಳ್ಳಿ, ಸಾಲ್ಸಾ, ಚೀಸ್. ಒಂದೊಂದಕ್ಕೂ ಬೇರೆ ಚಮಚ ಇರಬೇಕು. ರಶ್ ಬಂದಾಗ ಒಂದೇ ಚಮಚ ಎಲ್ಲ ಡಬ್ಬಿಗೂ ಹೋಗುತ್ತದೆ. ಕೋಳಿ ಡಬ್ಬಿಯಿಂದ ಬೀನ್ಸ್ ಡಬ್ಬಿಗೆ ಒಂದು ತುಂಡು ಹಾರಿದರೆ, ಕೆಂಪು ಸಾಸಿನಲ್ಲಿ ಬೀನ್ಸಿಗೂ ಕೋಳಿಗೂ ವ್ಯತ್ಯಾಸ ಕಾಣುವುದಿಲ್ಲ. ಕಾವಲಿಯೂ ಒಂದೇ. ಇದೊಂದು ದಾರಿ. ಇನ್ನೊಂದು ದಾರಿ, ಎರಡು ಬುರಿಟೊ ಪಕ್ಕಪಕ್ಕ ಸುತ್ತಿಟ್ಟದ್ದು ಅದಲುಬದಲಾಗುವುದು. ಸುತ್ತಿದ ಮೇಲೆ ಹೊರಗಿನಿಂದ ಎರಡೂ ಅವಳಿ ಮಕ್ಕಳು. ದೋಸೆ, ಇಡ್ಲಿಯಲ್ಲಿ ಈ ಅಪಾಯ ಇಲ್ಲ, ಕಣ್ಣಿಗೆ ಕಾಣುತ್ತದೆ. ಸುತ್ತುವ, ತುಂಬುವ ತಿಂಡಿಯಲ್ಲಿ ಒಳಗಿರುವುದು ಬಾಯಿಗೆ ಹೋದ ಮೇಲೇ ಗೊತ್ತಾಗುವುದು. ಸರಿಯಾದ ಅಡುಗೆಮನೆಯಲ್ಲಿ ಸಸ್ಯಾಹಾರಿ ಬುರಿಟೊಗೆ ಹಸಿರು ಚೀಟಿ ಅಂಟಿಸುತ್ತಾರೆ, ಇಲ್ಲವೇ ಟೂತ್‌ಪಿಕ್ ಚುಚ್ಚುತ್ತಾರೆ. ಎರಡು ರೂಪಾಯಿಯ ಕೆಲಸವೂ ಅಲ್ಲ.

ನಿಮ್ಮ ಮಾವನವರಿಗೆ ಎರಡನೇ ತುತ್ತಿಗೆ ಪೂರ್ತಿ ತುಂಡು ಸಿಕ್ಕಿದ್ದರೆ ಅದಲುಬದಲಾಗಿರುವ ಸಾಧ್ಯತೆಯೇ ಜಾಸ್ತಿ. ಹಾಗಿದ್ದರೆ ಇನ್ನೊಂದು ಟೇಬಲ್ಲಿನವರು ಕೋಳಿಗೆ ದುಡ್ಡು ಕೊಟ್ಟು ಬೀನ್ಸ್ ತಿಂದಿದ್ದಾರೆ.

ಬಿಲ್ಲಿನಿಂದ ಆ ತಟ್ಟೆ ತೆಗೆದದ್ದು ಸಾಲದು. ಹೇಗೆ ಸಾಲದು ಅನ್ನುವುದನ್ನು ನನ್ನದೇ ಕತೆಯಿಂದ ಹೇಳುತ್ತೇನೆ. ಪಣಜಿಯಲ್ಲಿ ಕ್ಯಾಪ್ಟನ್ ಆಗಿದ್ದಾಗ, ಒಬ್ಬ ಹಿರಿಯರು ಫ್ರೈಡ್ ರೈಸಿನಲ್ಲಿ ಮೊಟ್ಟೆಯ ಎಳೆ ಕಂಡು ಕರೆದರು. ನಾನು ಒಳಗೂ ಹೋಗದೆ 'ಅದು ಈರುಳ್ಳಿ ಸಾರ್' ಅಂದುಬಿಟ್ಟೆ. ಅವರು ನಂಬಿ ತಿಂದರು. ಆಮೇಲೆ ಒಳಗೆ ಹೋಗಿ ಕೇಳಿದರೆ ಮೊಟ್ಟೆಯೇ. ಹೊರಗೆ ಬಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವರು ಹೋಗುವಾಗ 'ಊಟ ಚೆನ್ನಾಗಿತ್ತು ತಮ್ಮಾ' ಅಂದು ಬೆನ್ನು ತಟ್ಟಿದರು. ಇಪ್ಪತ್ತು ವರ್ಷದ ಮೇಲಾಯಿತು, ಆ ಕೈ ಇನ್ನೂ ಬೆನ್ನ ಮೇಲಿದೆ. ನಿಮ್ಮ ಮ್ಯಾನೇಜರ್ ಸುಳ್ಳು ಹೇಳಲಿಲ್ಲ, ಅಷ್ಟು ಒಳ್ಳೆಯದು. ಆದರೆ ಕಾರಿನವರೆಗೆ ಹೋಗಿ ಮಾವನವರ ಹತ್ತಿರ 'ತಪ್ಪಾಯಿತು' ಅನ್ನಬೇಕಿತ್ತು. ತಪ್ಪು ಒಪ್ಪಿಕೊಂಡರೆ ಕೇಸ್ ಹಾಕುತ್ತಾರೆ ಅನ್ನುವ ಹೆದರಿಕೆ ಹೋಟೆಲಿನವರಿಗೆ ಇರುತ್ತದೆ. ನಾನು ನೋಡಿದ ಹಾಗೆ ಆಗುವುದು ಉಲ್ಟಾ. ಒಪ್ಪಿಕೊಳ್ಳದೆ ಇದ್ದದ್ದಕ್ಕೇ ಜನ ಕೋರ್ಟಿನ ಯೋಚನೆ ಮಾಡುವುದು. ನಿಮ್ಮ ಪತ್ರವೇ ಸಾಕ್ಷಿ ಅಲ್ವಾ?

ಉಪವಾಸದಿಂದ ಮಾವನವರ ಮನಸ್ಸಿಗೆ ಸಮಾಧಾನ ಆಯಿತೋ ಇಲ್ಲವೋ, ಅದರ ಬಗ್ಗೆ ಮಾತಾಡಲು ಹೋಟೆಲಿನವನಾದ ನನಗೆ ಅರ್ಹತೆ ಇಲ್ಲ.

ಬಿಲ್ಲಿಗೆ ಬರೋಣ. ಇಲ್ಲಿ ಗೊಂದಲವೇ ಇಲ್ಲ. ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆ ಅಲ್ಲ. ಅದರ ಒಂದು ಪೈಸೆಯೂ ಸರ್ಕಾರಕ್ಕೆ ಹೋಗಬೇಕಾಗಿಲ್ಲ. ಅದು ಹೋಟೆಲಿನವರು ಹಾಕಿಕೊಂಡ ದುಡ್ಡು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಸ್ಪಷ್ಟ ಮಾರ್ಗಸೂಚಿ ಕೊಟ್ಟಿದೆ. ಯಾವ ಹೋಟೆಲೂ ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಅಂತ ಹೇಳಬೇಕು. ಹೋಟೆಲ್ ಸಂಘಗಳು ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದವು, ಮೊದಲು ತಡೆಯೂ ಸಿಕ್ಕಿತ್ತು. 2025ರ ಮಾರ್ಚ್ 28ರಂದು ಕೋರ್ಟು ಅವರ ಅರ್ಜಿ ತಳ್ಳಿಹಾಕಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ನಿಮ್ಮ ಬಿಲ್ಲಿನಲ್ಲಿ ಇನ್ನೊಂದು ಚಮತ್ಕಾರವೂ ಇದೆ. 2,840ಕ್ಕೆ ಹತ್ತು ಪರ್ಸೆಂಟ್ ಅಂದರೆ 284. ಎರಡೂ ಸೇರಿಸಿ 3,124, ಅದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ 156 ರೂಪಾಯಿ 20 ಪೈಸೆ. ಒಟ್ಟು 3,280 ರೂಪಾಯಿ 20 ಪೈಸೆ. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 2,840ಕ್ಕೆ ಜಿಎಸ್‌ಟಿ 142, ಒಟ್ಟು 2,982. ಅಂದರೆ ನಿಮ್ಮ ಕೈಯಿಂದ ಜಾಸ್ತಿ ಹೋದದ್ದು 284 ಅಲ್ಲ, 298 ರೂಪಾಯಿ 20 ಪೈಸೆ. ಹೀಗೆ ಊಟದ ಬಿಲ್ಲಿಗೆ ಸೇರಿಸಿ ಒಟ್ಟಿನ ಮೇಲೆ ಜಿಎಸ್‌ಟಿ ಹಾಕುವುದನ್ನೂ ಆ ಮಾರ್ಗಸೂಚಿ ಬೇಡ ಅಂದಿದೆ.

ಬಿಲ್ ಇನ್ನೂ ಇದ್ದರೆ ಒಮ್ಮೆ ತೆಗೆದು ನೋಡಿ. ಹದಿನೈದು ಅಕ್ಷರ-ಅಂಕಿಯ ಜಿಎಸ್‌ಟಿ ನಂಬರ್ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಕಾಂಪೋಸಿಷನ್ ಸ್ಕೀಮಿನಲ್ಲಿರುವ, ಅಂದರೆ ವಹಿವಾಟಿನ ಮೇಲೆ ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟುವ ಸಣ್ಣ ಹೋಟೆಲಿನವರು ಗಿರಾಕಿಯಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗೇ ಇಲ್ಲ, ಅದನ್ನು ಬಿಲ್ಲಿನ ಮೇಲೆ ಬರೆದಿರಬೇಕು. ಆಹಾರ ಸುರಕ್ಷತಾ ಲೈಸೆನ್ಸಿನ 14 ಅಂಕಿಯ ನಂಬರೂ 2022ರ ಜನವರಿಯಿಂದ ಬಿಲ್ಲಿನಲ್ಲಿ ಕಡ್ಡಾಯ. ಇವು ಇಲ್ಲದ ಬಿಲ್ ಆದರೆ ಅವರ ತಲೆನೋವು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಸರಿ, ಏನು ಮಾಡಬೇಕು?

ನಿಜವಾಗಿ ಕೆಲಸ ಆಗುತ್ತಿದ್ದದ್ದು ಅಲ್ಲೇ, ಟೇಬಲ್ಲಿನಲ್ಲಿ. ಈಗ ಹೇಳಿ ಪ್ರಯೋಜನವಿಲ್ಲ, ಮುಂದಿನ ಸಲಕ್ಕೆ ಇರಲಿ. ಹುಡುಗನ ಹತ್ತಿರ ವಾದ ಬೇಡ, ಅವನ ಕೈಯಲ್ಲಿ ಏನೂ ಇಲ್ಲ. ಕ್ಯಾಪ್ಟನ್ ಅಥವಾ ಗಲ್ಲಾದಲ್ಲಿ ಕೂತವರನ್ನು ಕರೆಯಿರಿ. ತಣ್ಣಗಿದ್ದರೆ ಮೊದಲ ತುತ್ತಿಗೇ ಹೇಳಿ, ಅರ್ಧ ತಿಂದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. 'ಬಿಸಿ ಮಾಡಿ ಕೊಡಿ' ಅನ್ನಬೇಡಿ, ಅದೇ ನಾಚೋಸ್ ಮೈಕ್ರೋವೇವಿನಿಂದ ಇನ್ನೂ ಮೆತ್ತಗಾಗಿ ಬರುತ್ತದೆ. 'ಹೊಸದು ಮಾಡಿ' ಅನ್ನಿ. ಕೋಳಿ ಬಂದಿದ್ದರೆ ಒಂದು ಫೋಟೋ ತೆಗೆದು, ಮ್ಯಾನೇಜರ್ ಕಣ್ಣಿಗೆ ತೋರಿಸಿದ ಮೇಲೆಯೇ ತಟ್ಟೆ ಒಳಗೆ ಕಳಿಸಿ. ಸರ್ವಿಸ್ ಚಾರ್ಜ್ ತೆಗೆಯಿರಿ ಅಂತ ಕೇಳಿದರೆ ಬಹಳ ಕಡೆ ಮುಖ ಗಂಟು ಹಾಕಿಕೊಂಡಾದರೂ ತೆಗೆಯುತ್ತಾರೆ. ತೆಗೆಯದಿದ್ದರೆ ಊಟದ ದುಡ್ಡು ಕೊಡದೆ ಎದ್ದು ಬರಬೇಡಿ. ತಿಂದದ್ದಕ್ಕೆ ಕೊಡಲೇಬೇಕು, ಇಲ್ಲದಿದ್ದರೆ ನ್ಯಾಯ ನಿಮ್ಮ ಕಡೆಯಿಂದ ಅವರ ಕಡೆಗೆ ಹೋಗುತ್ತದೆ. ಕೊಟ್ಟು, ಬಿಲ್ಲಿನ ಮೇಲೆ 'ಸರ್ವಿಸ್ ಚಾರ್ಜಿಗೆ ಒಪ್ಪಿಗೆ ಇಲ್ಲ' ಅಂತ ಬರೆದು ಫೋಟೋ ತೆಗೆದುಕೊಳ್ಳಿ. ಹುಡುಗ ಚೆನ್ನಾಗಿ ನೋಡಿಕೊಂಡರೆ ಟಿಪ್ಸ್ ಅವನ ಕೈಗೇ ಕೊಡಿ. ಬಿಲ್ಲಿನ ಹತ್ತು ಪರ್ಸೆಂಟ್ ಅವನವರೆಗೆ ಇಳಿಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಈಗ ಉಳಿದಿರುವ ದಾರಿಗಳಲ್ಲಿ ನಾನಾಗಿದ್ದರೆ ಮೊದಲು ಮಾಲೀಕರಿಗೆ ಬರೆಯುತ್ತಿದ್ದೆ. ಮ್ಯಾನೇಜರಿಗೆ ಅಲ್ಲ. ತಾನೇ ಹೋಟೆಲ್ ನಡೆಸುವ ಮಾಲೀಕ ಆದರೆ ಎರಡು ದಿನದಲ್ಲಿ ಫೋನ್ ಮಾಡುತ್ತಾನೆ. ಸೀಸನ್ನಿಗೆ ಅಂತ ಲೀಸಿಗೆ ಕೊಟ್ಟಿದ್ದರೆ ಉತ್ತರ ಬರುವುದು ಕಷ್ಟ, ಮೇ ತಿಂಗಳಿಗೆ ಅವರೇ ಇರುವುದಿಲ್ಲ.

ಅದು ಆಗದಿದ್ದರೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಹೋಟೆಲಿನವರನ್ನು ಸಂಪರ್ಕಿಸಿ ರಾಜಿ ಮಾಡಿಸಲು ನೋಡುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ, ಅಷ್ಟು ತಿಳಿದಿರಿ. ಸರ್ವಿಸ್ ಚಾರ್ಜಿಗೆ ಇದು ಸಾಕು. ಅದೇ ವಿಷಯಕ್ಕೆ ಜಿಲ್ಲಾಧಿಕಾರಿಗೂ ದೂರು ಕೊಡಬಹುದು, ಮಾರ್ಗಸೂಚಿಯಲ್ಲೇ ಹಾಗೆ ಇದೆ. ಆದರೆ ಐವತ್ತು ನಿಮಿಷ ಕಾಯಿಸಿದರು ಅಂತ ಜಿಲ್ಲಾಧಿಕಾರಿಗೆ ಬರೆಯಬೇಡಿ ಮತ್ತೆ!

ಗ್ರಾಹಕರ ಕೋರ್ಟು, ಅಂದರೆ ಜಿಲ್ಲಾ ಗ್ರಾಹಕ ಆಯೋಗ, ನಮ್ಮ ಜಿಲ್ಲೆಯದ್ದು ಕಾರವಾರದಲ್ಲಿದೆ. ಸಣ್ಣ ಮೊತ್ತಕ್ಕೆ ಅಲ್ಲಿ ಹೋಗಲು ಆಗುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು, ಆನ್‌ಲೈನಿನಲ್ಲೂ ಕೊಡಬಹುದು. ಆದರೆ 298 ರೂಪಾಯಿಗೆ ಬೇಡ. ಶಿರಸಿಯಿಂದ ಕಾರವಾರಕ್ಕೆ ಎರಡು ಸಲ ಓಡಾಡಿದರೆ ಖರ್ಚು ಅದಕ್ಕಿಂತ ಜಾಸ್ತಿ, ರಜೆಯೂ ಹೋಯಿತು. ಕೋಳಿಯ ವಿಷಯಕ್ಕಾದರೆ ಯೋಚಿಸಬಹುದು. ಸಸ್ಯಾಹಾರಿಗೆ ಮಾಂಸ ಬಡಿಸಿದ ಪ್ರಕರಣಗಳಲ್ಲಿ ಆಯೋಗಗಳು ಪರಿಹಾರ ಕೊಡಿಸಿದ್ದಿದೆ. 'ಅಷ್ಟು ಕಟ್ಟುನಿಟ್ಟು ಇದ್ದರೆ ಎರಡೂ ಸಿಗುವ ಹೋಟೆಲಿಗೆ ಹೋದದ್ದು ಯಾಕೆ' ಅಂತ ತಳ್ಳಿಹಾಕಿದ್ದೂ ಇದೆ. ಎಲ್ಲ ನಿಂತಿರುವುದು ಸಾಕ್ಷಿಯ ಮೇಲೆ. ಬೀನ್ಸ್ ಬುರಿಟೊ ಅಂತ ಆರ್ಡರ್ ಇದ್ದದ್ದಕ್ಕೆ ದಾಖಲೆ ಬೇಕು. ಬಿಲ್ಲಿನಿಂದ ಮ್ಯಾನೇಜರ್ ಅದನ್ನೇ ತೆಗೆದಿದ್ದಾರೆ. ಸಮಾಧಾನ ಅಂತ ಮಾಡಿದ್ದು ಸಾಕ್ಷಿಯನ್ನೂ ಅಳಿಸಿತು, ನೋಡಿ. ಅವರು ಬರಹದಲ್ಲಿ ಒಪ್ಪಿಕೊಂಡರೆ ಮಾತ್ರ ನಿಮಗೆ ಬಲ. ಮಾಲೀಕರಿಗೆ ಮೊದಲು ಬರೆಯಿರಿ ಅಂದದ್ದು ಅದಕ್ಕೂ ಸೇರಿ.

ಮಗಳ ಒಂದು ಸ್ಟಾರ್ ವಿಚಾರ. ಬರೆಯಲಿ, ಅದು ಅವಳ ಹಕ್ಕು. ಆದರೆ ಮಾಲೀಕರಿಗೆ ಒಂದು ವಾರ ಕೊಟ್ಟ ಮೇಲೆ ಬರೆಯಲಿ. ನಡೆದದ್ದನ್ನು ಮಾತ್ರ ಬರೆಯಲಿ, ದಿನ, ಹೊತ್ತು, ಏನು ಕೇಳಿದೆವು, ಏನು ಬಂತು. 'ಕಳ್ಳರು', 'ಮೋಸಗಾರರು' ಅಂತ ಬರೆದರೆ ಮಾನನಷ್ಟದ ನೋಟಿಸ್ ಬರುವ ದಾರಿ ತೆರೆಯುತ್ತದೆ. ಹೋಗದಿದ್ದ ನೆಂಟರಿಂದಲೂ ಒಂದೊಂದು ಸ್ಟಾರ್ ಹಾಕಿಸುವುದು ಬೇಡವೇ ಬೇಡ, ಅದು ಸುಳ್ಳು. ಮತ್ತೆ ಆ ಹುಡುಗನ ಹೆಸರು, ಫೋಟೋ ಹಾಕಬಾರದು. ಅಂಥ ರಿವ್ಯೂ ಬಂದ ದಿನ ಸಂಜೆ ಏನಾಗುತ್ತದೆ ಅಂತ ನನಗೆ ಗೊತ್ತು. ಮೆನು ಹದಿನಾಲ್ಕು ಪುಟ ಮಾಡಿದವರು ಇರುತ್ತಾರೆ, ಹುಡುಗ ಬಸ್ ಹತ್ತುತ್ತಾನೆ.

'ಹೋಗಲಿ ಬಿಡು' ಅನ್ನುವ ನಿಮ್ಮನೆಯವರದ್ದೂ ಒಂದು ದಾರಿಯೇ. ತಡವಾದದ್ದಕ್ಕೆ ಅದೇ ಸರಿ ಅನ್ನುತ್ತೇನೆ. ಉಳಿದ ಎರಡಕ್ಕೆ ಅಲ್ಲ.

ಮಾಲೀಕರಿಗೆ ಕಳಿಸಲು ಒಂದು ಮೆಸೇಜ್ ಬರೆದುಕೊಟ್ಟಿದ್ದೇನೆ. ಖಾಲಿ ಜಾಗ ತುಂಬಿ ಕಳಿಸಿ, ಜೊತೆಗೆ ಬಿಲ್ಲಿನ ಫೋಟೋ ಇರಲಿ. ಸಿಟ್ಟಿನ ಮಾತು ಸೇರಿಸಬೇಡಿ, ತಡವಾದ ಸುದ್ದಿಯೂ ಬೇಡ.

'ನಮಸ್ಕಾರ. ಡಿಸೆಂಬರ್ — ರಂದು ಮಧ್ಯಾಹ್ನ ನಿಮ್ಮಲ್ಲಿ ಆರು ಜನ ಊಟಕ್ಕೆ ಬಂದಿದ್ದೆವು. ಬಿಲ್ ನಂಬರ್ —. ಸಸ್ಯಾಹಾರಿಯಾದ ನಮ್ಮ ಮಾವನವರಿಗೆ ಬೀನ್ಸ್ ಬುರಿಟೊ ಹೇಳಿದ್ದೆವು. ಅದರಲ್ಲಿ ಕೋಳಿ ಇತ್ತು. ನಿಮ್ಮ ಮ್ಯಾನೇಜರ್ ಅದನ್ನು ನೋಡಿ ಬಿಲ್ಲಿನಿಂದ ತೆಗೆದರು. ಇದು ಹೇಗಾಯಿತು, ಇನ್ನು ಮುಂದೆ ಆಗದ ಹಾಗೆ ಏನು ಮಾಡಿದ್ದೀರಿ ಅಂತ ಬರಹದಲ್ಲಿ ತಿಳಿಸಿ. ನಮ್ಮ ಒಪ್ಪಿಗೆ ಇಲ್ಲದೆ ಸೇರಿಸಿದ ಸರ್ವಿಸ್ ಚಾರ್ಜ್ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 298 ರೂಪಾಯಿ 20 ಪೈಸೆ ವಾಪಸ್ ಕೊಡಿ. ಮಾವನವರ ಹತ್ತಿರ ಒಮ್ಮೆ ಫೋನಿನಲ್ಲಿ ಮಾತಾಡಿ. ಅವರಿಗೆ ಕನ್ನಡ ಮಾತ್ರ ಬರುತ್ತದೆ.'

ಏಳು ದಿನ ಕಾಯಿರಿ. ಎಂಟನೇ ದಿನ 1915ಕ್ಕೆ ಫೋನ್ ಮಾಡಿ.